ಬಾಯಿಂದ ಮದ್ದು ತುಂಬುವ ರೈಫಲ್‌ಗೆ ಯಾವ ನಳಿಗೆ, ಯಾವ ಸೈಟ್? ತಿಳಿದವರು ಹೇಳಿ

ಹರಿಹರ ಲೇಥ್

ಎಲ್ಲರಿಗೂ ನಮಸ್ಕಾರ. ನಮ್ಮಣ್ಣ ಅಮೆರಿಕದ ಒಹಾಯೋದಲ್ಲಿದ್ದಾನೆ. ಹಳೇ ಕಾಲದ ಕೋವಿಗಳಲ್ಲಿ ಗುರಿ ಹೊಡೆಯುವ ಕ್ಲಬ್ ಒಂದಕ್ಕೆ ಸೇರಿದ್ದಾನೆ. ಬಾಯಿಂದ ಕರಿಮದ್ದು ಸುರಿದು, ಬಟ್ಟೆ ಸುತ್ತಿದ ಸೀಸದ ಗುಂಡನ್ನು ಗಜದಲ್ಲಿ (ಗುಂಡು ತಳ್ಳುವ ಉದ್ದನೆಯ ಕೋಲು) ತಳ್ಳಿ, ಚಕಮಕಿ ಕಲ್ಲಿನ ಕಿಡಿಯಿಂದ ಹೊಡೆಯುವ ರೈಫಲ್. ಇಷ್ಟು ದಿನ ಗೆಳೆಯರದ್ದು ತಗೊಂಡು ಹೊಡೆಯುತ್ತಿದ್ದ. ಈಗ ತನ್ನದೇ ಒಂದನ್ನು ಕಟ್ಟಿಕೊಳ್ಳುತ್ತಾನಂತೆ. ಮರ, ಲಾಕು (ಕಿಡಿ ಹಾರಿಸುವ ಭಾಗ), ನಳಿಗೆ ಎಲ್ಲಾ ಬಿಡಿಬಿಡಿಯಾಗಿ ಸಿಗುತ್ತೆ ಅಲ್ಲಿ.

ನಾನು ಹರಿಹರದಲ್ಲಿ ಕಿರ್ಲೋಸ್ಕರ್ ಲೇಥ್ ಮೇಲೆ ದುಡಿದವನು. ಅದಕ್ಕೇ "ನಳಿಗೆ ವಿಷಯ ನೀನು ನೋಡು" ಅಂತ ಕ್ಯಾಟಲಾಗ್ ಕಳಿಸಿದ್ದಾನೆ. ಉಕ್ಕು ಗೊತ್ತು, ಕೋವಿ ಗೊತ್ತಿಲ್ಲ. ಕ್ಯಾಲಿಬರ್, ಅಂದರೆ ತೂತಿನ ಅಗಲ, ಇಂಚಿನ ನೂರನೇ ಭಾಗದ ಲೆಕ್ಕದಲ್ಲಿ 45, 50, 54 ಇದೆ. ಟ್ವಿಸ್ಟ್, ಅಂದರೆ ನಳಿಗೆಯೊಳಗೆ ಸುರುಳಿಯಾಗಿ ಕೊರೆದ ಗ್ರೂವ್ (ಗೀರು) ಎಷ್ಟು ಉದ್ದಕ್ಕೆ ಒಂದು ಸುತ್ತು ಬರುತ್ತೆ ಅನ್ನೋದು, 28 ಇಂಚಿಗೊಂದು ಸುತ್ತು, 48ಕ್ಕೊಂದು, 66ಕ್ಕೊಂದು ಅಂತ ಇದೆ. ಉದ್ದ 36 ಇಂಚು, 42 ಇಂಚು. ಎಂಟು ಮೂಲೆಯ ನೇರ ನಳಿಗೆ ಒಂದು, ನಡು ಸಣ್ಣಗಿರುವ ಸ್ವಾಂಪ್ಡ್ ಅನ್ನೋದು ಇನ್ನೊಂದು. ಗುರಿ ಹಿಡಿಯೋಕೆ ನಳಿಗೆ ಮೇಲೆ ಹಿಂದೊಂದು ಮುಂದೊಂದು ಕೂರಿಸುವ ಸೈಟ್‌ಗಳಂತೂ ಪುಟಗಟ್ಟಲೆ.

ಅವನು ಕಾಗದದ ಗುರಿ ಬಿಟ್ಟು ಬೇರೆ ಏನೂ ಹೊಡೆಯಲ್ಲ. ಹೆಚ್ಚಾಗಿ 50 ಗಜ ದೂರ, ಅಪರೂಪಕ್ಕೆ 100. ವಯಸ್ಸು 52, ಓದೋಕೆ ಕನ್ನಡಕ ಬೇಕು.

ಗುರಿಕಾರ ದಾವಣಗೆರೆ

ಲೇಥ್ ಅಣ್ಣ, ಕ್ಯಾಟಲಾಗ್ ಸ್ವಲ್ಪ ಪಕ್ಕಕ್ಕಿಡಿ. ನಾನು ಪೆನ್ಸಿಲ್ವೇನಿಯಾದಲ್ಲಿ ಕೆಲಸದಲ್ಲಿದ್ದಾಗ ಈ ಆಟ ಆಡಿದವನು. ಮೊದಲು ನಿಮ್ಮಣ್ಣನಿಗೆ ಒಂದು ಪ್ರಶ್ನೆ ಕೇಳಿ. ಹೊಡೆಯೋದು ದುಂಡನೆಯ ಗುಂಡೋ, ಉದ್ದನೆಯ ಗುಂಡೋ? ಅದಕ್ಕೆ ಉತ್ತರ ಸಿಕ್ಕರೆ ಟ್ವಿಸ್ಟ್ ತಾನಾಗೇ ಗೊತ್ತಾಗುತ್ತೆ. ನಂತರ ಕಣ್ಣಿನ ವಿಷಯ ಕೇಳಿ. ಅದು ನಳಿಗೆಯ ಉದ್ದ ಹೇಳುತ್ತೆ. ತುಂಬಾ ಜನ ಉಲ್ಟಾ ಹೋಗುತ್ತಾರೆ. ನಳಿಗೆ ಚೆಂದ ಕಂಡಿತು ಅಂತ ಮೊದಲು ತಗೊಂಡು, ಆಮೇಲೆ ಅದಕ್ಕೆ ಹೊಂದುವ ಗುಂಡು ಹುಡುಕುತ್ತಾ ಕೂರುತ್ತಾರೆ.

ಬಟ್ಟೆ ಸುತ್ತಿದ ದುಂಡನೆಯ ಗುಂಡಾದರೆ ನಿಧಾನದ ಟ್ವಿಸ್ಟ್. 60, 66, 70 ಇಂಚಿಗೊಂದು ಸುತ್ತು. ಗ್ರೂವ್ ಆಳವಾಗಿರಬೇಕು, ಕಾಲು ಮಿಲಿಮೀಟರ್ ಅಥವಾ ಸ್ವಲ್ಪ ಜಾಸ್ತಿ. ಉದ್ದನೆಯ ಸೀಸದ ಗುಂಡಾದರೆ 28ರಿಂದ 32, ಗ್ರೂವ್ ತೆಳು. ಯಾಕೆ ಅಂದರೆ, ದುಂಡನೆಯ ಗುಂಡು ನಳಿಗೆಯ ಗ್ರೂವನ್ನು ತಾನು ಹಿಡಿಯೋದಿಲ್ಲ. ಬಟ್ಟೆ ಹಿಡಿಯುತ್ತೆ. ಟ್ವಿಸ್ಟ್ ಜೋರಾಗಿದ್ದು ಮದ್ದೂ ಜಾಸ್ತಿಯಾದರೆ ಬಟ್ಟೆ ಗ್ರೂವ್ ಬಿಟ್ಟು ಜಾರುತ್ತೆ. ಗುಂಡು ತಿರುಗದೇ ಹೊರಗೆ ಬಿದ್ದರೆ ಗುರಿ ಚೆಲ್ಲಾಪಿಲ್ಲಿ.

ಹರಿಹರ ಲೇಥ್

ದುಂಡನೆಯದೇ ಸರ್. ಅವರ ಸ್ಪರ್ಧೆಯಲ್ಲಿ ಅದು ಬಿಟ್ಟು ಬೇರೆಯದಕ್ಕೆ ಬಿಡೋದಿಲ್ಲವಂತೆ. ಆದರೆ 66 ಇಂಚಿಗೆ ಒಂದು ಸುತ್ತು ಅಂದರೆ 42 ಇಂಚಿನ ನಳಿಗೆಯಲ್ಲಿ ಗುಂಡು ಪೂರ್ತಿ ಒಂದು ಸುತ್ತೂ ತಿರುಗೋದಿಲ್ಲ. ಅಷ್ಟು ಸಾಕಾ?

ಗುರಿಕಾರ ದಾವಣಗೆರೆ

ಸಾಕು. ಇದಕ್ಕೊಂದು ಹಳೇ ಲೆಕ್ಕ ಇದೆ. ಇಂಗ್ಲೆಂಡಿನ ಜಾರ್ಜ್ ಗ್ರೀನ್‌ಹಿಲ್ 1879ರಲ್ಲಿ ಕೊಟ್ಟಿದ್ದು. ಗುಂಡಿನ ವ್ಯಾಸದ ವರ್ಗವನ್ನು 150ರಿಂದ ಗುಣಿಸಿ, ಗುಂಡಿನ ಉದ್ದದಿಂದ ಭಾಗಿಸಿ. ಎಲ್ಲಾ ಇಂಚಿನಲ್ಲಿ. ಅರ್ಧ ಇಂಚಿನ ದುಂಡನೆಯ ಗುಂಡಿಗೆ ಉದ್ದವೂ ವ್ಯಾಸವೂ ಒಂದೇ. ಉತ್ತರ 75 ಬರುತ್ತೆ. 75 ಇಂಚಿಗೆ ಒಂದು ಸುತ್ತು ಸಿಕ್ಕರೂ ಆ ಗುಂಡು ನೆಟ್ಟಗೆ ಹೋಗುತ್ತೆ. ಅದೇ ಅರ್ಧ ಇಂಚು ದಪ್ಪ, ಒಂದು ಇಂಚು ಉದ್ದದ ಗುಂಡಿಗೆ ಲೆಕ್ಕ ಹಾಕಿ. 37.5ಕ್ಕೆ ಇಳಿಯುತ್ತೆ. ಗುಂಡು ಉದ್ದವಾದಷ್ಟೂ ಮಗುಚುವ ಚಾಳಿ ಜಾಸ್ತಿ, ಅದಕ್ಕೇ ಜೋರಾಗಿ ತಿರುಗಿಸಬೇಕು.

ಕೋಟೆ ಕಲ್ಲು

ಚಿತ್ರದುರ್ಗದಿಂದ. ಇದಕ್ಕೆ ಚರಿತ್ರೆಯ ಸಾಕ್ಷಿಯೂ ಇದೆ. 1800ರ ಹೊತ್ತಿಗೆ ಬ್ರಿಟಿಷರ ಸೇನೆಗೆ ಬಂದ ಬೇಕರ್ ರೈಫಲ್‌ನಲ್ಲಿ 30 ಇಂಚಿನ ನಳಿಗೆ, ಅದರೊಳಗೆ ಬರೀ ಕಾಲು ಸುತ್ತು. ಅಂದರೆ 120 ಇಂಚಿಗೆ ಒಂದು ಸುತ್ತು! ದುಂಡನೆಯ ಗುಂಡಿಗೆ ಅಷ್ಟೂ ನಡೆಯಿತು. 1853ರ ಎನ್‌ಫೀಲ್ಡ್‌ನಲ್ಲಿ 39 ಇಂಚಿಗೆ ಅರ್ಧ ಸುತ್ತು. ಅದರ ಗುಂಡು ಉದ್ದನೆಯದು, ಹಿಂಬದಿ ಟೊಳ್ಳು. ಮದ್ದು ಹತ್ತಿದ ಕೂಡಲೇ ಹಿಂಬದಿ ಅರಳಿ ಗ್ರೂವ್ ಹಿಡಿಯುತ್ತಿತ್ತು, ಬಟ್ಟೆ ಬೇಕಿರಲಿಲ್ಲ. 1857ರಲ್ಲಿ ಕೊಬ್ಬು ಸವರಿದ ತೋಟೆಯ ಗಲಾಟೆ ಎದ್ದಿದ್ದು ಇದೇ ಕೋವಿಯಿಂದ. ಅದೇ ವರ್ಷ ಆಯುಧ ಒಪ್ಪಿಸಿ ಅಂದಿದ್ದಕ್ಕೆ ಹಲಗಲಿಯ ಬೇಡರು ತಿರುಗಿಬಿದ್ದರು.

ನಮ್ಮ ಕೋಟೆಗೆ ಬಂದವರು ಮದ್ದು ಬೀಸುವ ಕಲ್ಲು ನೋಡದೇ ಹೋಗಬೇಡಿ. ಗುಂಡಿಯೊಳಗೆ ನಾಲ್ಕು ಭಾರೀ ಬೀಸುಕಲ್ಲುಗಳಿವೆ. ಕೋಟೆ ಗೋಡೆಯ ಕೋವಿಕಿಂಡಿಗಳನ್ನು ನೋಡುವವರು ಆ ಕಲ್ಲು ನೋಡಲ್ಲ. ಮದ್ದಿಲ್ಲದೆ ಕಿಂಡಿ ಇಟ್ಟುಕೊಂಡು ಏನು ಮಾಡೋದು?

ಚಳ್ಳಕೆರೆ ಬಯಲು

ನನಗೆ ಒಂದು ಅನುಮಾನ. 48ರ ಟ್ವಿಸ್ಟ್ ತಗೊಂಡರೆ ಎರಡೂ ಗುಂಡು ಹೊಡೆಯಬಹುದು ಅಂತಾರಲ್ಲ. ಸೇಂಟ್ ಲೂಯಿಸ್‌ನ ಹಾಕೆನ್ ರೈಫಲ್‌ಗಳೂ 48ರವೇ. ನಾಳೆ ಕ್ಲಬ್ ಬದಲಾದರೆ? ಎರಡೂ ಕಡೆ ನಡೆಯುವಂಥದ್ದು ಇಟ್ಟುಕೊಳ್ಳೋದು ಜಾಣತನ ಅಲ್ವಾ?

ಗುರಿಕಾರ ದಾವಣಗೆರೆ

ಹಾಕೆನ್‌ಗೆ 48 ಇದ್ದಿದ್ದು ನಿಜ, ಅವು ದುಂಡನೆಯ ಗುಂಡನ್ನೇ ಚೆನ್ನಾಗಿ ಹೊಡೆದವು. 48 ಕೆಟ್ಟದ್ದಲ್ಲ. ಆದರೆ ಈಗ ಕಾರ್ಖಾನೆಯಲ್ಲಿ ಮಾಡುವ ಎಷ್ಟೋ 48ರ ನಳಿಗೆಗಳಲ್ಲಿ ಗ್ರೂವ್ ತೆಳು, ಎರಡಕ್ಕೂ ಆಗಲಿ ಅಂತ. ತೆಳು ಗ್ರೂವ್‌ನಲ್ಲಿ ಬಟ್ಟೆಗೆ ಹಿಡಿತ ಕಡಿಮೆ. ಮದ್ದು ಕಡಿಮೆ ಹಾಕಿದರೆ ಚೆನ್ನಾಗಿ ಬೀಳುತ್ತೆ, ಏರಿಸುತ್ತಾ ಹೋದರೆ ಗುಂಡುಗಳು ಚೆದುರುತ್ತವೆ. ನಿಧಾನದ ಟ್ವಿಸ್ಟ್ ಇದ್ದರೆ ಮದ್ದು ಹೆಚ್ಚುಕಮ್ಮಿ ಆದರೂ ಅದು ಸಹಿಸುತ್ತೆ.

ಅಣ್ಣ ಕಟ್ಟುತ್ತಿರೋದು ಒಂದೇ ಕೆಲಸದ ಕೋವಿ. ಆ ಒಂದು ಕೆಲಸಕ್ಕೆ ಸರಿಯಾದದ್ದನ್ನೇ ತಗೊಳ್ಳಲಿ. ನನ್ನ ಮಾತು ಇಲ್ಲಿ ಗಟ್ಟಿ.

ಚಳ್ಳಕೆರೆ ಬಯಲು

ಗ್ರೂವ್ ಆಳದ ಮಾತು ನನಗೆ ಹೊಳೆದಿರಲಿಲ್ಲ. ಸರಿ. ಆದರೂ ಆಳದ ಗ್ರೂವ್ ಕೊರೆದ 48 ಸಿಕ್ಕರೆ ನಾನು ಅದನ್ನೇ ತಗೊಳ್ಳುತ್ತೇನೆ.

ಹೊಳಲ್ಕೆರೆ ತೋಟ

ನಡುವೆ ಬಾಯಿ ಹಾಕುತ್ತಿದ್ದೇನೆ, ಬೇಜಾರಾಗಬೇಡಿ. ನಮ್ಮ ಮನೆಯಲ್ಲಿ ಅಜ್ಜನ ಕಾಲದ ಕೇಪಿನ ಕೋವಿ ಇದೆ. ಒಂಟಿ ನಳಿಗೆ. ಬೆಳೆ ಕಾಯೋಕೆ ಅಂತ ಲೈಸೆನ್ಸ್ ಇದೆ, ಅಪ್ಪನ ಹೆಸರಲ್ಲಿ. ಚುನಾವಣೆ ಬಂದಾಗೆಲ್ಲ ಕೋವಿಯನ್ನು ಠಾಣೆಯಲ್ಲಿ ಠೇವಣಿ ಇಟ್ಟು ಬರುತ್ತೇವೆ. ಕಳೆದ ಸಲ ವಾಪಸ್ ತಂದಾಗ ನಳಿಗೆ ಒಳಗೆ ತುಕ್ಕು ಹಿಡಿದು ಕಚ್ಚುಕಚ್ಚಾಗಿತ್ತು. ಇದಕ್ಕೂ ಒಳಗೆ ಗ್ರೂವ್ ಕೊರೆಸಿ ರೈಫಲ್ ಮಾಡಿಸಬಹುದಾ? ಒಂದು ಒಳ್ಳೇ ಸೈಟ್ ಕೂರಿಸಿದರೆ ಹೇಗೆ?

ಕೋರ್ಟ್ ರಸ್ತೆ

ಬೇಡ ಅಣ್ಣ. ವಕೀಲಿಕೆ ಮಾಡುವವನಾಗಿ ಹೇಳುತ್ತಿದ್ದೇನೆ. 1959ರ ಆಯುಧ ಕಾಯ್ದೆಯ 13ನೇ ಕಲಮಿನಲ್ಲಿ ಬೆಳೆ ರಕ್ಷಣೆಗೆ ಬಾಯಿಂದ ಮದ್ದು ತುಂಬುವ ಕೋವಿಗೆ ಲೈಸೆನ್ಸ್ ಕೊಡುವ ಮಾತಿದೆ. ನಿಮ್ಮ ಅಪ್ಪನವರದ್ದು ಅಂಥದ್ದೇ ಇರಬೇಕು. ಅದರ ಒಳಗೆ ಗ್ರೂವ್ ಕೊರೆಸಿದರೆ ಪುಸ್ತಕದಲ್ಲಿ ಬರೆದ ಕೋವಿ ಒಂದು, ಕೈಯಲ್ಲಿರೋದು ಇನ್ನೊಂದು ಆಗುತ್ತೆ. ಕೋವಿ ಮಾಡುವುದಕ್ಕೆ, ರಿಪೇರಿಗೆ, ಪರೀಕ್ಷೆಗೆ, ರೂಪ ಬದಲಿಸುವುದಕ್ಕೆ ಎಲ್ಲಕ್ಕೂ 5ನೇ ಕಲಮಿನಡಿ ಬೇರೆ ಲೈಸೆನ್ಸ್ ಬೇಕು. ಕಾಯ್ದೆಯ ಪ್ರಕಾರ ಕೋವಿಯ ಬಿಡಿಭಾಗವೂ ಕೋವಿಯೇ.

ಹರಿಹರದ ಅಣ್ಣನಿಗೂ ಇದೇ ಮಾತು. ಅಲ್ಲಿಯವರಿಗೆ ಇಲ್ಲಿ ಸೈಟ್ ತಯಾರಿಸಿ ಕಳಿಸುವ ಯೋಚನೆ ಇದ್ದರೆ ಕೈಬಿಡಿ. ಲೆಕ್ಕ ಹಾಕಿ ಕೊಡಿ, ಚಿತ್ರ ಬರೆದು ಕೊಡಿ, ಅಷ್ಟೇ. ಅಮೆರಿಕದ ಒಕ್ಕೂಟ ಕಾನೂನು ಇಂಥ ಹಳೇ ಮಾದರಿಯನ್ನು ಪುರಾತನ ಕೋವಿಯ ಲೆಕ್ಕಕ್ಕೆ ಸೇರಿಸುತ್ತೆ. ರಾಜ್ಯ ರಾಜ್ಯಕ್ಕೆ ನಿಯಮ ಬೇರೆ. ಆ ಸಡಿಲಿಕೆ ಇಲ್ಲಿ ಇಲ್ಲ. ಊರಿಗೆ ಬರುವಾಗ ನೆನಪಿಗೆ ಅಂತ ನಳಿಗೆಯ ತುಂಡನ್ನೂ ಪೆಟ್ಟಿಗೆಯಲ್ಲಿ ತರಬಾರದು.

ಗುರಿಕಾರ ದಾವಣಗೆರೆ

ಹೊಳಲ್ಕೆರೆಯವರಿಗೆ ಇನ್ನೊಂದು ಮಾತು. ಅಜ್ಜನ ಕಾಲದ ನಳಿಗೆ ಕಬ್ಬಿಣದ ಪಟ್ಟಿ ಸುತ್ತಿ ಬೆಸೆದದ್ದೂ ಆಗಿರಬಹುದು. ಅಂಥದ್ದರಲ್ಲಿ ತುಕ್ಕು ಬೆಸುಗೆಯ ಗೆರೆ ಹಿಡಿದೇ ಒಳಗೆ ಇಳಿಯುತ್ತೆ, ಹೊರಗಿಂದ ಕಾಣಲ್ಲ. ಲೈಸೆನ್ಸ್ ಇರುವ ಕೋವಿ ಅಂಗಡಿಯವರಿಗೆ ತೋರಿಸುವವರೆಗೆ ಅದರಲ್ಲಿ ಒಂದು ಈಡೂ ಹೊಡೆಯಬೇಡಿ. ಗ್ರೂವ್ ಇಲ್ಲದ ನಳಿಗೆಗೆ ಮುಂದೆ ಒಂದು ಮಣಿ ಇದ್ದರೆ ಅದೇ ಸೈಟ್. ಮುಂದಿನ ಸಲ ಠೇವಣಿಗೆ ಮೊದಲು ಒಳಗೆ ಬಿಸಿನೀರು ಹಾಕಿ ತೊಳೆದು, ಚೆನ್ನಾಗಿ ಒಣಗಿಸಿ, ಎಣ್ಣೆ ಬಟ್ಟೆ ಆಡಿಸಿ. ಕರಿಮದ್ದಿನ ಮಸಿ ಗಾಳಿಯ ತೇವ ಎಳೆದುಕೊಳ್ಳುತ್ತೆ. ತುಕ್ಕಿಗೆ ಅದೇ ಮೂಲ.

ಹರಿಹರ ಲೇಥ್

ಕೋರ್ಟ್ ರಸ್ತೆಯವರಿಗೆ ವಂದನೆ. ಮಾಡಿ ಕಳಿಸುವ ಆಸೆ ಇತ್ತು, ಬಿಟ್ಟೆ.

ಲೆಕ್ಕ ಹಾಕೋದಕ್ಕೇನೂ ಅಡ್ಡಿಯಿಲ್ಲ ಅಂದಿರಲ್ಲ, ರಾತ್ರಿ ಕೂತು ತೂಕ ತೆಗೆದೆ. ಹೊರಗಿನ ಅಳತೆ ಒಂದೇ, 15/16 ಇಂಚು, ಎಂಟು ಮೂಲೆ, ನೇರ, 42 ಇಂಚು ಉದ್ದ. 45 ಕ್ಯಾಲಿಬರ್ ಆದರೆ 3.07 ಕಿಲೋ. 50 ಆದರೆ 2.87. 54 ಆದರೆ 2.70. ತೂತು ದೊಡ್ಡದಾದಷ್ಟೂ ನಳಿಗೆ ಹಗುರ! ಹೊರಗಿನ ಅಳತೆ ಒಂದೇ ಇರುವಾಗ ಸಣ್ಣ ಕ್ಯಾಲಿಬರ್ ಕೋವಿಯೇ ಭಾರ.

ಗುಂಡಿನ ತೂಕವನ್ನೂ ತೆಗೆದೆ. ಗುಂಡು ತೂತಿಗಿಂತ ಇಂಚಿನ ನೂರರಲ್ಲೊಂದು ಭಾಗ ಸಣ್ಣದು ಅಂತ ಇಟ್ಟುಕೊಂಡರೆ 45ಕ್ಕೆ 8.3 ಗ್ರಾಂ ಸೀಸ, 50ಕ್ಕೆ 11.5, 54ಕ್ಕೆ 14.5. 45ರಿಂದ 54ಕ್ಕೆ ಹೋದರೆ ಸೀಸ ಮುಕ್ಕಾಲು ಪಾಲು ಜಾಸ್ತಿ. ಯಾವುದು ತಗೊಳ್ಳಲಿ?

ಗುರಿಕಾರ ದಾವಣಗೆರೆ

ಲೆಕ್ಕ ಸೊಗಸಾಗಿದೆ. 50 ಗಜಕ್ಕೆ 45 ಧಾರಾಳ ಸಾಕು. ಮದ್ದು ಕಡಿಮೆ, ಸೀಸ ಕಡಿಮೆ, ಒದೆತ ಕಡಿಮೆ. 100 ಗಜದಲ್ಲಿ ಗಾಳಿ ಇದ್ದರೆ ಹಗುರ ಗುಂಡು ಪಕ್ಕಕ್ಕೆ ಓಡುತ್ತೆ, ಅಲ್ಲಿ 50 ಮೇಲು. 54 ಬೇಟೆಯವರ ಅಳತೆ, ಕಾಗದಕ್ಕೆ ಅಷ್ಟು ಬೇಕಿಲ್ಲ. ನನ್ನ ಓಟು 50ಕ್ಕೆ. ಗುಂಡಿನ ಅಚ್ಚು, ಬಟ್ಟೆ, ಗಜದ ತುದಿ ಎಲ್ಲಾ ಆ ಅಳತೆಗೆ ಸುಲಭವಾಗಿ ಸಿಗುತ್ತೆ.

ನೇರ ನಳಿಗೆ 42 ಇಂಚು ಅಂದರೆ ಮೂತಿ ಭಾರ. ನಿಂತು ಹೊಡೆಯುವಾಗ ಸ್ವಲ್ಪ ಮೂತಿ ಭಾರ ಒಳ್ಳೇದೇ, ಕೈ ನಡುಗಿದರೂ ನಳಿಗೆ ತಕ್ಷಣ ಅಲ್ಲಾಡಲ್ಲ. ಆದರೆ ಒಂದು ದಿನದ ಸ್ಪರ್ಧೆಯ ಕೊನೆಗೆ ತೋಳು ಸೋಲುತ್ತೆ. ಸ್ವಾಂಪ್ಡ್ ನಳಿಗೆ ಮದ್ದು ಉರಿಯುವ ಕಡೆ ದಪ್ಪ, ನಡುವೆ ಸಣ್ಣ, ಬಾಯಿ ಹತ್ತಿರ ಮತ್ತೆ ಅರಳುತ್ತೆ. ತೂಕ ಕೈಗಳ ನಡುವೆ ಬಂದು ಕೂರುತ್ತೆ. ದುಡ್ಡು ಜಾಸ್ತಿ. ಮರದಲ್ಲಿ ಅದನ್ನು ಕೈಯಿಂದ ಕೂರಿಸೋದು ಮಾತ್ರ ಹೊಸಬರಿಗೆ ನರಕ. ಅದೇ ನಳಿಗೆಗೆ ಅಂತ ಮೊದಲೇ ಕೊರೆದ ಮರ ಸಿಕ್ಕರೆ ಮಾತ್ರ ತಗೊಳ್ಳಲಿ.

ಕನ್ನಡಕದಂಗಡಿ

ದಾವಣಗೆರೆಯಲ್ಲಿ ಕಣ್ಣು ಪರೀಕ್ಷೆ ಮಾಡುವವನು ನಾನು. ಕೋವಿ ಮುಟ್ಟಿದವನಲ್ಲ. ಆದರೆ ಸೈಟ್ ಪ್ರಶ್ನೆ ನೋಡಿದರೆ ಅದು ಪೂರ್ತಿ ಕಣ್ಣಿನ ಪ್ರಶ್ನೆ.

ಹಿಂದಿನ ಸೈಟ್ ಕಣ್ಣಿನಿಂದ ಅರ್ಧ ಮೀಟರ್ ಒಳಗೆ. ಮುಂದಿನದು ಒಂದು ಮೀಟರ್ ಆಚೆ. ಗುರಿ 45 ಮೀಟರ್ ದೂರ. ಮೂರನ್ನೂ ಒಟ್ಟಿಗೆ ಸ್ಪಷ್ಟವಾಗಿ ನೋಡೋಕೆ ಯಾವ ವಯಸ್ಸಿನ ಕಣ್ಣಿಗೂ ಆಗಲ್ಲ. ಹುಡುಗರ ಕಣ್ಣು ಬೇಗ ಬೇಗ ಹೊಂದಿಸಿಕೊಳ್ಳುತ್ತೆ, ಹಾಗಾಗಿ ಗೊತ್ತಾಗಲ್ಲ. 52ಕ್ಕೆ ಕಣ್ಣಿನ ಮಸೂರ ಗಟ್ಟಿಯಾಗಿರುತ್ತೆ. ಹತ್ತಿರದ ಕಚ್ಚು, ಅಂದರೆ ಹಿಂದಿನ ಸೈಟಿನ ಸೀಳು, ಬರೀ ಮಂಜು.

ಓದುವ ಕನ್ನಡಕ ಹಾಕಿಕೊಂಡು ಹೊಡೆಯಬಾರದು. ಹಿಂದಿನ ಸೈಟ್ ಕಾಣುತ್ತೆ, ಗುರಿ ಮಾಯ. ದೂರದ ನಂಬರಿಗೆ ಅರ್ಧ ಪ್ಲಸ್ ಸೇರಿಸಿ ಒಂದು ಬೇರೆ ಕನ್ನಡಕ ಮಾಡಿಸಿಕೊಳ್ಳಲಿ. ಅರ್ಧ ಪ್ಲಸ್ ಅಂದರೆ ಕಣ್ಣು ಎರಡು ಮೀಟರಿಗೆ ನಿಲ್ಲುತ್ತೆ. ಕನ್ನಡಕದ ನಂಬರಿನ ಲೆಕ್ಕದಲ್ಲಿ ಅದು ಒಂದು ಮೀಟರಿನ ಮುಂದಿನ ಸೈಟಿಗೂ ದೂರದ ಗುರಿಗೂ ಸರಿ ನಡುವೆ. ಎರಡೂ ಸಾಕಷ್ಟು ಕಾಣುತ್ತೆ.

ಸಣ್ಣ ತೂತಿನ ಸೈಟ್ ಇದೆಯಲ್ಲ, ಅದರಿಂದ ನೋಡಿದರೆ ಇನ್ನೂ ಸ್ಪಷ್ಟ. ತೂತು ಕಿರಿದಾದಷ್ಟೂ ಹತ್ತಿರದ್ದು, ದೂರದ್ದು ಎರಡೂ ಸ್ಪಷ್ಟವಾಗುತ್ತೆ. ನಾವು ಅಂಗಡಿಯಲ್ಲಿ ಕಣ್ಣು ಪರೀಕ್ಷೆಗೆ ಸೂಜಿತೂತಿನ ಬಿಲ್ಲೆ ಇಡೋದೂ ಇದಕ್ಕೇ.

ಗುರಿಕಾರ ದಾವಣಗೆರೆ

ಕನ್ನಡಕದಂಗಡಿಯವರೇ, ನೀವು ಕೋವಿ ಮುಟ್ಟದೆಯೇ ಅರ್ಧ ಕೆಲಸ ಮುಗಿಸಿದಿರಿ! ತೂತಿನ ಸೈಟ್ ಒಳ್ಳೇದೇ, ಆದರೆ ಹಳೇ ಮಾದರಿಯ ಸ್ಪರ್ಧೆಗಳಲ್ಲಿ ತುಂಬಾ ಕಡೆ ಅದಕ್ಕೆ ಬಿಡಲ್ಲ. ಕ್ಲಬ್ಬಿನ ನಿಯಮ ಓದಿಯೇ ತಗೊಳ್ಳಲಿ. ತೆರೆದ ಸೈಟ್ ಆದರೆ ಹಳಬರ ಉಪಾಯ ಬೇರೆ. ಹಿಂದಿನ ಸೈಟನ್ನು ಕಣ್ಣಿನಿಂದ ಮುಂದಕ್ಕೆ ಸರಿಸೋದು. ಹಳೇ ಪೆನ್ಸಿಲ್ವೇನಿಯಾ ರೈಫಲ್‌ಗಳಲ್ಲಿ ಹಿಂದಿನ ಸೈಟ್ ಲಾಕಿನಿಂದ ಎಷ್ಟೋ ಮುಂದೆ ಇರುತ್ತೆ, ನೋಡಿ.

ಈಗ ಉದ್ದದ ಮಾತಿಗೆ ಬರುತ್ತೇನೆ. ಹಿಂದಿನ ಸೈಟನ್ನು ನಳಿಗೆಯ ಹಿಂತುದಿಯಿಂದ 25 ಸೆಂಟಿಮೀಟರ್ ಮುಂದೆ, ಮುಂದಿನದನ್ನು ಬಾಯಿಂದ 4 ಸೆಂಟಿಮೀಟರ್ ಹಿಂದೆ ಇಟ್ಟರೆ, 36 ಇಂಚಿನ ನಳಿಗೆಯಲ್ಲಿ ಸೈಟ್‌ಗಳ ನಡುವೆ 62 ಸೆಂಟಿಮೀಟರ್ ಉಳಿಯುತ್ತೆ. 42ರಲ್ಲಿ 78. ಕಣ್ಣು ಕಚ್ಚಿನಲ್ಲಿ 0.2 ಮಿಲಿಮೀಟರ್ ಆಚೀಚೆ ಆದರೆ 50 ಗಜದಲ್ಲಿ ಮೊದಲನೆಯದರಲ್ಲಿ ಗುಂಡು ಒಂದೂವರೆ ಸೆಂಟಿಮೀಟರ್ ತಪ್ಪುತ್ತೆ, ಎರಡನೆಯದರಲ್ಲಿ 1.2ರ ಹತ್ತಿರ. ಜನ 42 ತಗೊಳ್ಳೋದು ವೇಗ ಜಾಸ್ತಿ ಸಿಗುತ್ತೆ ಅಂತ. ಆ ವೇಗದ ವ್ಯತ್ಯಾಸ ಕಾಗದದ ಗುರಿಗೆ ಲೆಕ್ಕಕ್ಕೇ ಇಲ್ಲ. ಮಂಜಾದ ಕಣ್ಣಿಗೆ ಹಿಂದಿನ ಸೈಟ್ ದೂರ ಸರಿಸಿಯೂ ಈ ಅಂತರ ಉಳಿಯುತ್ತಲ್ಲ, 42ರ ನಿಜವಾದ ಲಾಭ ಅದು.

ಹರಿಹರ ಲೇಥ್

ಹಾಗಾದರೆ ಉದ್ದ 42 ಅಂತ ಇಟ್ಟುಕೊಂಡೆ. ಸೈಟ್ ಕೂರಿಸೋಕೆ ನಳಿಗೆಯಲ್ಲಿ ಡವ್‌ಟೇಲ್ (ಬಾಯಿ ಕಿರಿದು, ತಳ ಅಗಲವಾದ ಅಡ್ಡ ಕಚ್ಚು) ಕೊರೆಯಬೇಕಲ್ಲ. 50 ಕ್ಯಾಲಿಬರಿನ ನೇರ ನಳಿಗೆಯಲ್ಲಿ ಗೋಡೆ ಐದೂವರೆ ಮಿಲಿಮೀಟರ್. ಎರಡೂಕಾಲು ಕೊರೆದರೆ ಮೂರೂಕಾಲು ಉಳಿಯುತ್ತೆ. ಸ್ವಾಂಪ್ಡ್‌ನ ಸಣ್ಣ ನಡುವಿನಲ್ಲಿ ಅಷ್ಟು ಕೊರೆಯೋಕೆ ನನಗೆ ಧೈರ್ಯವಿಲ್ಲ.

ಗುರಿಕಾರ ದಾವಣಗೆರೆ

ಸರಿಯಾದ ಭಯ. 25 ಸೆಂಟಿಮೀಟರ್ ಹತ್ತಿರ ಸ್ವಾಂಪ್ಡ್ ಇನ್ನೂ ದಪ್ಪವೇ ಇರುತ್ತೆ. ಆದರೂ ನಳಿಗೆ ಮಾಡುವವರನ್ನೇ ಕೇಳಿ, ಆ ಜಾಗದಲ್ಲಿ ಗೋಡೆ ಎಷ್ಟು, ಎಷ್ಟು ಆಳ ಕೊರೆಯಬಹುದು ಅಂತ. ಅವರೇ ಕೊರೆದು ಕೊಟ್ಟರೆ ಇನ್ನೂ ಒಳ್ಳೇದು.

ಚಳ್ಳಕೆರೆ ಬಯಲು

ಮುಂದಿನ ಸೈಟ್ ಹಿತ್ತಾಳೆಯೋ, ಬೆಳ್ಳಿಯೋ, ಕಬ್ಬಿಣವೋ?

ಗುರಿಕಾರ ದಾವಣಗೆರೆ

ಲೋಹಕ್ಕಿಂತ ಆಕಾರ ಮುಖ್ಯ. ದುಂಡು ಮಣಿ ಬಿಸಿಲಲ್ಲಿ ಒಂದು ಮಗ್ಗುಲು ಹೊಳೆಯುತ್ತೆ. ಕಣ್ಣು ಆ ಹೊಳಪನ್ನೇ ನಡು ಅಂದುಕೊಳ್ಳುತ್ತೆ, ಗುಂಡು ಬೆಳಕಿನ ಎದುರು ದಿಕ್ಕಿಗೆ ಹೋಗುತ್ತೆ. ಚಪ್ಪಟೆ ಬ್ಲೇಡ್ ತಗೊಳ್ಳಲಿ, ಕಣ್ಣಿನ ಕಡೆಯ ಮುಖ ನೆಟ್ಟಗಿರಲಿ. ಕಾಗದದ ಗುರಿಗೆ ಅದಕ್ಕೆ ಮಸಿ ಹಿಡಿಸಿದರೆ ಇನ್ನೂ ಚೆನ್ನ. ದಪ್ಪ 1.6 ಮಿಲಿಮೀಟರ್ ಇದ್ದರೆ 50 ಗಜದಲ್ಲಿ ಅದು ಸುಮಾರು 7 ಸೆಂಟಿಮೀಟರ್ ಅಗಲ ಮುಚ್ಚುತ್ತೆ. ಹಿಂದಿನ ಕಚ್ಚು ಚೌಕ, ಬ್ಲೇಡಿನ ಎರಡೂ ಕಡೆ ಬೆಳಕಿನ ಗೆರೆ ಕಾಣುವಷ್ಟು ಅಗಲ. ಜಿಂಕೆ ಕೊಂಬಿನಂತೆ ಎದ್ದು ನಿಲ್ಲುವ ಬಕ್‌ಹಾರ್ನ್ ಸೈಟ್ ಬೇಡ. ಅದು ಅರ್ಧ ಗುರಿಯನ್ನೇ ನುಂಗುತ್ತೆ.

ಜಗಳೂರು ಜೋಳ

ಬಟ್ಟೆ ವಿಷಯ ಯಾರೂ ಹೇಳಲಿಲ್ಲ. ಹತ್ತಿ ಗಿರಣಿಯ ಊರಿನವರು ನಾವು, ಅದನ್ನು ಬಿಟ್ಟರೆ ಹೇಗೆ!

ಗುರಿಕಾರ ದಾವಣಗೆರೆ

ಒಳ್ಳೇ ನೆನಪು. ಅಪ್ಪಟ ಹತ್ತಿಯೇ ಆಗಬೇಕು. ಪಾಲಿಯೆಸ್ಟರ್ ಸೇರಿದ್ದರೆ ಕರಗಿ ನಳಿಗೆಗೆ ಅಂಟುತ್ತೆ. ಒಂದು ಎಳೆ ಸುಟ್ಟು ನೋಡಿ. ಹತ್ತಿ ಬೂದಿಯಾಗುತ್ತೆ, ಇನ್ನೊಂದು ಮುದ್ದೆಯಾಗುತ್ತೆ. ಹಾಸಿಗೆಗೆ ಹೊಲಿಯುವ ಒತ್ತಾದ ಗಟ್ಟಿ ಬಟ್ಟೆ, 0.4 ಮಿಲಿಮೀಟರ್ ಹತ್ತಿರ ದಪ್ಪ. ಮೊದಲು ಒಗೆದು ಗಂಜಿ ತೆಗೆಯಿರಿ. ಮೇಲೆ ಹರಳೆಣ್ಣೆ ಸವರಬಹುದು. ಇಂಜಿನ್ ಎಣ್ಣೆ ಬೇಡ, ಮಸಿ ಜೊತೆ ಸೇರಿ ಡಾಂಬರಿನಂತೆ ಗಟ್ಟಿಯಾಗುತ್ತೆ.

ಹೊಡೆದ ಮೇಲೆ ಬಟ್ಟೆ ಹೆಕ್ಕಿ ನೋಡಿ. ನಳಿಗೆ ಕಥೆ ಎಲ್ಲಾ ಅದರಲ್ಲೇ ಇರುತ್ತೆ. ನಡುವೆ ಗುಂಡು ಕೂತ ಜಾಗ ಮಸಿ ಹಿಡಿದು, ಸುತ್ತ ಗ್ರೂವ್‌ಗಳ ಗುರುತು ಸಮನಾಗಿ ಮೂಡಿ, ಅಂಚು ಮಾತ್ರ ಪಿಸಿದಿದ್ದರೆ ಎಲ್ಲಾ ಸರಿ. ಗುಂಡಿನ ಸುತ್ತಳತೆಯಲ್ಲಿ ಕತ್ತರಿಸಿದಂತೆ ಸೀಳಿದ್ದರೆ ನಳಿಗೆಯ ಬಾಯಂಚು ಚೂಪಾಗಿದೆ, ಅಥವಾ ಹೊಸ ಗ್ರೂವ್‌ನ ಅಂಚು ಇನ್ನೂ ಪಳಗಿಲ್ಲ. ಪೂರಾ ಸುಟ್ಟು ತೂತಾಗಿದ್ದರೆ ಬಟ್ಟೆ ತೆಳು, ಹೊಗೆ ಪಕ್ಕದಿಂದ ನುಗ್ಗಿದೆ.

ಹರಿಹರ ಲೇಥ್

ಅಣ್ಣನ ಜೊತೆ ಮಾತಾಡಿದೆ. 50 ಕ್ಯಾಲಿಬರ್, 66ರ ಟ್ವಿಸ್ಟ್, ಆಳದ ಗ್ರೂವ್, 42 ಇಂಚು, ಸ್ವಾಂಪ್ಡ್, ಅದಕ್ಕೇ ಕೊರೆದ ಮರ. ತೆರೆದ ಸೈಟ್, 25 ಸೆಂಟಿಮೀಟರ್ ಮುಂದೆ. ಅರ್ಧ ಪ್ಲಸ್‌ನ ಕನ್ನಡಕ ಮಾಡಿಸಿಕೊಳ್ಳೋಕೆ ಒಪ್ಪಿದ. ಮುಂದಿನ ಬ್ಲೇಡಿನ ಎತ್ತರ ಎಷ್ಟು ಹೇಳಲಿ?

ಗುರಿಕಾರ ದಾವಣಗೆರೆ

ಬೇಕಾದ್ದಕ್ಕಿಂತ ಎತ್ತರದ್ದೇ ತರಿಸಲಿ. ಮೊದಲು ಗುಂಡು ಕೆಳಗೆ ಬೀಳುತ್ತೆ, ಬೀಳಲಿ. ಬಟ್ಟೆ, ಮದ್ದಿನ ಅಳತೆ ಗೊತ್ತಾಗಿ ಗುಂಡುಗಳು ಒಂದೇ ಕಡೆ ಗುಂಪಾಗುವವರೆಗೆ ಅರ ಮುಟ್ಟಬಾರದು. ಆಮೇಲೆ ಎಡಬಲ ಸರಿ ಮಾಡಲಿ. ಹಿಂದಿನ ಸೈಟನ್ನು ಗುಂಡು ಯಾವ ಕಡೆ ಹೋಗಬೇಕೋ ಆ ಕಡೆಗೇ ತಟ್ಟಬೇಕು, ಮುಂದಿನದನ್ನಾದರೆ ಎದುರು ಕಡೆಗೆ. ಎತ್ತರ ಕೊನೆಗೆ. 50 ಗಜದಲ್ಲಿ ಏಳೂವರೆ ಸೆಂಟಿಮೀಟರ್ ಕೆಳಗೆ ಬೀಳುತ್ತಿದ್ದರೆ, 78 ಸೆಂಟಿಮೀಟರ್ ಅಂತರಕ್ಕೆ ಬ್ಲೇಡಿನಿಂದ ಸುಮಾರು 1.3 ಮಿಲಿಮೀಟರ್ ತೆಗೆಯಬೇಕು. ಒಂದೇ ಸಲ ತೆಗೆಯಬೇಡಿ. ಅರ್ಧ ತೆಗೆದು, ಹೊಡೆದು ನೋಡಿ, ಮತ್ತೆ ಸ್ವಲ್ಪ. ಉಜ್ಜಿದ್ದು ವಾಪಸ್ ಬರಲ್ಲ.

ಇನ್ನೊಂದು. ಗುಂಡು ಮದ್ದಿನ ಮೇಲೆ ಪೂರ್ತಿ ಕೂತಾಗ ಗಜ ಎಲ್ಲಿಗೆ ಬರುತ್ತೆ ಅಂತ ಗಜದ ಮೇಲೆ ಗೆರೆ ಹಾಕಿಕೊಳ್ಳಲಿ. ಗುಂಡಿಗೂ ಮದ್ದಿಗೂ ನಡುವೆ ಖಾಲಿ ಉಳಿದರೆ ನಳಿಗೆ ಉಬ್ಬುತ್ತೆ, ಒಡೆಯಲೂಬಹುದು. ಕರಿಮದ್ದು ಬಿಟ್ಟು ತೋಟೆಯ ಹೊಗೆಯಿಲ್ಲದ ಮದ್ದನ್ನು ಚಿಟಿಕೆಯಷ್ಟೂ ಹಾಕಬಾರದು.

ಹರಿಹರ ಲೇಥ್

ಬರೆದುಕೊಂಡೆ. ನಾಳೆ ಬ್ಲೇಡಿನ ಚಿತ್ರ ಬರೆದು ಅಣ್ಣನಿಗೆ ಕಳಿಸುತ್ತೇನೆ. ಕಚ್ಚಿನ ಅಗಲ ಎಷ್ಟಿರಬೇಕು ಅಂತ ನೀವು ಒಂದು ಸಲ ನೋಡಿ ಹೇಳಿ ಸರ್.